ಗಂಜಿ ವಾಸನೆ

ಷಡಕ್ಷರಿ ಬಲಗೈ ಬೆರಳುಗಳನ್ನು ಮೂಗಿನ ಹತ್ತಿರ ತಂದು ಮೂಸಿದ. ಏನೂ ಇಲ್ಲ. ಎಡಗೈ ತಂದ. ಅಲ್ಲಿಯೂ ಏನೂ ಇರಲಿಲ್ಲ. ಆದರೆ ಏನೂ ಇಲ್ಲ ಎನ್ನುವುದನ್ನು ನಂಬುವುದು ಹೇಗೆ? ತನ್ನ ಬೆನ್ನು ತನಗೆ ಕಾಣದು ಅನ್ನುತ್ತಾರೆ. ತನ್ನ ವಾಸನೆ ತನಗೆ ಬರುತ್ತದೆ ಎಂದು ಮಾತ್ರ ಯಾರೂ ಹೇಳಿದ್ದಿಲ್ಲ. ನರಸಿಂಹರಾಜಪುರದ ಮುಖ್ಯರಸ್ತೆಯಲ್ಲಿ ಅಜ್ಜನ ಕಾಲದಿಂದ ನಡೆದುಬಂದ ವಸ್ತ್ರ ಭಂಡಾರದ ಮಾಲೀಕ, ವರ್ತಕರ ಸಂಘದ ಖಜಾಂಚಿ, ಪಂಚೆಯ ಅಂಚನ್ನು ಹೆಬ್ಬೆರಳಲ್ಲಿ ಉಜ್ಜಿ ಇದು ಇಂಥಾ ಮಗ್ಗದ್ದು ಎಂದು ಹೇಳಬಲ್ಲ ಗಟ್ಟಿಗ, ಈ ಹೊತ್ತು ಮಂಜು ಇನ್ನೂ ಕರಗದ ಬೆಳಿಗ್ಗೆಯಲ್ಲಿ ಬಚ್ಚಲುಮನೆಯ ಹಿಂದಿನ ಸಂದಿಯಲ್ಲಿ ಲುಂಗಿ ಎತ್ತಿಕಟ್ಟಿ ಕುಕ್ಕರಗಾಲಲ್ಲಿ ಕೂತು, ತನ್ನ ಮಗಳ ಉಚ್ಚೆಬಟ್ಟೆ ಒಗೆಯುತ್ತಿದ್ದ. ಇಲ್ಲಿ ಕೂತರೆ ರಸ್ತೆಯಿಂದ ಕಾಣುವುದಿಲ್ಲ, ಅಂಗಳದಿಂದ ಕಾಣುವುದಿಲ್ಲ. ಪಕ್ಕದ ಮನೆಯ ತಾರಸಿ ಹತ್ತಿದರೆ ಮಾತ್ರ ಕಾಣುತ್ತದೆ. ಆ ಮನೆಯ ಸೀತಕ್ಕನಿಗೆ ಮಂಡಿನೋವು, ಮೆಟ್ಟಿಲು ಹತ್ತಬಾರದು ಅಂತ ಡಾಕ್ಟರು ಹೇಳಿದ್ದಾರಂತೆ. ಈಚೆಗೆ ಅವಳು ದಿನಾ ಬೆಳಿಗ್ಗೆ ತಾರಸಿ ಹತ್ತುತ್ತಾಳೆ.

ಇವತ್ತು ಮಗುವಿಗೆ ಹೆಸರಿಡುವ ದಿನ. ಅಂಗಡಿಗೆ ರಜ. ಊಟಕ್ಕೆ ಬರುವವರು ಹೆಚ್ಚು ಜನ ಏನಲ್ಲ, ಆದರೆ ಬಾಳೆಹೊನ್ನೂರಿನ ಕಡೆಯಿಂದ ಜಯದೇವಪ್ಪ ಬರುತ್ತಾನೆ. ಜಯದೇವಪ್ಪ ಎಂದರೆ ಹೆಂಡತಿ ಮೇಘನಳ ದೊಡ್ಡಪ್ಪ. ತಾಯಿ ತಂದೆ ಇಲ್ಲದ ಮೇಘನಳನ್ನು ಸಾಕಿ, ಓದಿಸಿ, ಧಾರೆ ಎರೆದು ಕೊಟ್ಟವನು. ಎಂಬತ್ತರ ಹತ್ತಿರ ಹತ್ತಿರ ಬಂದರೂ ಕಣ್ಣು ಹೋಗಿಲ್ಲ, ಹಲ್ಲು ಹೋಗಿಲ್ಲ. ಮೂಗಂತೂ ವಯಸ್ಸಾದಷ್ಟೂ ಚೂಪಾಗುತ್ತಿದೆ. ಮನೆಯ ಹೊಸಿಲಿನ ಮೇಲೆ ನಿಂತು ನಿನ್ನೆ ಈ ಮನೆಯಲ್ಲಿ ಏನು ಸಾರು ಎಂದು ಹೇಳುತ್ತಾನೆ. ಗಾಡಿ ಹತ್ತುವಾಗ ಡ್ರೈವರು ಹಿಂದಿನ ರಾತ್ರಿ ಕುಡಿದದ್ದನ್ನು ಹೇಳುತ್ತಾನೆ. ಅವನ ಸೊಸೆಯಂದಿರು ಮೀನಿನಂಗಡಿಯ ಎದುರು ಹಾದುಬಂದರೂ ಸ್ನಾನ ಮಾಡಿಯೇ ಎದುರಿಗೆ ಬರುವುದಂತೆ. ಹೆಣ್ಣು ನೋಡುವ ಶಾಸ್ತ್ರದ ದಿನ ಷಡಕ್ಷರಿ ಅವನ ಪಾದ ಮುಟ್ಟಿ ಎದ್ದಾಗ ಮುದುಕ ಅವನ ಎರಡೂ ಕೈ ಹಿಡಿದುಕೊಂಡ. ಆಶೀರ್ವಾದ ಮಾಡುತ್ತಾನೆ ಎಂದುಕೊಂಡು ಷಡಕ್ಷರಿ ತಲೆ ತಗ್ಗಿಸಿದ್ದ. ಮುದುಕ ಆ ಕೈಗಳನ್ನು ಮೂಗಿನ ತನಕ ಎತ್ತಿ, ಕೂತಿದ್ದ ಅಷ್ಟೂ ಜನರಿಗೆ ಕೇಳುವ ಹಾಗೆ ಹೇಳಿದ್ದ: "ಗಂಜಿ ವಾಸನೆ ಮಾರಾಯ. ಅಂಗಡಿಯೋರ ಕೈ ಎಷ್ಟು ತೊಳೆದ್ರೂ ಗಂಜಿ ವಾಸನೆ ಹೋಗಲ್ಲ ಅಂತಾರೆ, ಖರೆ ನೋಡು." ಎಲ್ಲರೂ ನಕ್ಕರು. ಹುಡುಗಿಯೂ ನಕ್ಕಳು. ಷಡಕ್ಷರಿಯೂ ನಕ್ಕ. ಅವತ್ತು ನಕ್ಕ ನಗು ಆಮೇಲೆ ಎಷ್ಟೋ ದಿನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಚುಚ್ಚಿತು. ಮೀನು ತಿಂದು ಗೊತ್ತಿಲ್ಲದವನಿಗೂ ಮುಳ್ಳು ಹೇಗೆ ಚುಚ್ಚುತ್ತದೆ ಎಂದು ಗೊತ್ತಾಯಿತು. ಆವತ್ತಿನಿಂದ ಅವನಿಗೆ ಕೈ ಮೂಸಿಕೊಳ್ಳುವ ಚಟ ಹತ್ತಿದ್ದು. ಗಿರಾಕಿ ಹೋದ ಮೇಲೆ ಮೂಸುತ್ತಾನೆ, ಊಟಕ್ಕೆ ಮೊದಲು ಮೂಸುತ್ತಾನೆ, ಶಿವಪೂಜೆಗೆ ಕೂತಾಗ ವಿಭೂತಿ ಹಚ್ಚುವ ನೆಪದಲ್ಲಿ ಮೂಸುತ್ತಾನೆ. ಒಂದೇ ಒಂದು ಸಲ ಆ ಮುದುಕನ ಬಾಯಿಂದ ಒಂದು ಒಳ್ಳೆಯ ಮಾತು ಬಂದರೆ ಸಾಕು, ತನ್ನ ಕೈ ತನಗೆ ವಾಪಸ್ಸು ಸಿಗುತ್ತದೆ ಎಂದು ಅವನಿಗೆ ಅನ್ನಿಸುತ್ತಿತ್ತು.

ಒಲೆಯ ಮೇಲಿನ ಹಂಡೆಯಲ್ಲಿ ನೀರು ಮರಳುವ ಸದ್ದು ಬಂತು. ಚೊಂಬಿನಲ್ಲಿ ತೋಡಿ ಬಕೆಟ್ಟಿಗೆ ಸುರಿದ. ಬಟ್ಟೆಗಳು ಒಂದೊಂದಾಗಿ ಮೇಲೆದ್ದು ಮತ್ತೆ ಮುಳುಗಿದವು. ಹಸಿರು ಅಂಚಿನ ತುಂಡುಗಳು. ಇವು ಬಂದದ್ದೂ ಆ ಮೂಗಿನ ಮನೆಯಿಂದಲೇ. ಹುಟ್ಟಿದ ಮಗುವಿಗೆ ಹೊಸ ಬಟ್ಟೆ ಮುಟ್ಟಿಸಬಾರದು, ನೂರು ಕಾಲ ಬದುಕಿದವರು ಉಟ್ಟು ಹಳತಾದ ಬಟ್ಟೆಯೇ ಆಗಬೇಕು, ಅವರ ಆಯಸ್ಸು ಮಗುವಿಗೆ ಬರುತ್ತದೆ ಎಂದು ಅಮ್ಮ ಸುಮಿತ್ರಮ್ಮ ಹಟ ಹಿಡಿದಳು. ಅಂಗಡಿ ತುಂಬ ಥಾನುಗಟ್ಟಲೆ ಬಟ್ಟೆ, ಮನೆಯಲ್ಲಿ ಒಂದು ಹಳೆಯ ಪಂಚೆ ಇಲ್ಲ. ಅಪ್ಪ ಬದುಕಿದ್ದಾಗ ಪಂಚೆ ಸ್ವಲ್ಪ ಮಾಸಿದರೂ ಬಿಸಾಕಿ ಅಂಗಡಿಯಿಂದ ಹೊಸದು ತೆಗೆಯುತ್ತಿದ್ದ. ಬಟ್ಟೆ ವ್ಯಾಪಾರಿ ಹಳೆ ಪಂಚೆ ಉಟ್ಟರೆ ಗಿರಾಕಿ ಏನಂದುಕೊಂಡಾನು ಎಂಬುದು ಅವನ ವಾದ. ಹೀಗಾಗಿ ಹಬ್ಬಕ್ಕೆ ಇಡೀ ಊರಿಗೆ ಬಟ್ಟೆ ಉಡಿಸುವ ಷಡಕ್ಷರಿ ಹರಕು ಪಂಚೆ ಬೇಡಲು ಬಾಳೆಹೊನ್ನೂರಿನ ಬಸ್ಸು ಹತ್ತಿದ. ಜಯದೇವಪ್ಪ ಪೆಟ್ಟಿಗೆ ತೆಗೆಸಿ, ಮೆತ್ತಗಾದ ಪಂಚೆಗಳನ್ನು ಒಂದೊಂದಾಗಿ ಕೆನ್ನೆಗೆ ಒತ್ತಿ ನೋಡಿ ಗಂಟು ಕಟ್ಟಿಸಿದ. "ಇವು ನಾನು ಪೂಜೆಗೆ ಉಡ್ತಿದ್ದ ಪಂಚೆ ಕಣೋ. ಕೂಸಿಗೆ ಹೊದಿಸಿ. ನನ್ನ ಆಯಸ್ಸು ಬರ್ಲಿ" ಎಂದ. ಮತ್ತೆ ನಗುತ್ತ, "ನಿನ್ನ ಅಂಗಡೀಲಿ ಇಲ್ಲದ ಮಾಲು ಅಂತ ಇದೊಂದಾದ್ರೂ ಇದೆಯಲ್ಲ ಅಳಿಯಂದ್ರೆ" ಎಂದೂ ಸೇರಿಸಿದ. ಹೊದಿಸಲು ಒಂದು ಪಂಚೆ ಸಾಕಾಯಿತು. ಉಳಿದದ್ದನ್ನು ಸುಮಿತ್ರಮ್ಮ ಹಲ್ಲಿನಲ್ಲಿ ಕಚ್ಚಿ ಪರ್‍ರೆಂದು ಹರಿದು ಚೌಕ ಮಾಡಿದಳು. ಪೂಜೆಯ ಪಂಚೆ ಹೋಗಿ ಎಲ್ಲಿ ಸುತ್ತಿಕೊಂಡಿತು ಎಂದು ಮುದುಕನಿಗೆ ಯಾರು ಹೇಳುತ್ತಾರೆ?

ಮೊದಲು ಈ ಬಟ್ಟೆಗಳನ್ನು ಒಗೆಯುತ್ತಿದ್ದವಳು ಪ್ರೇಮಕ್ಕ. ಬಾಣಂತಿಗೆ, ಕೂಸಿಗೆ ನೀರು ಹಾಕಲು ಬರುವವಳು. ಸುಮಿತ್ರಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಕೈಗೆ ಪಟ್ಟಿ ಹಾಕಿಸಿಕೊಂಡ ಮೇಲೆ ಬಟ್ಟೆಯೂ ಅವಳ ತಲೆಗೇ ಬಂತು. ಅವಳು ಒಗೆಯುವ ರೀತಿ ಎಂದರೆ ಎಲ್ಲವನ್ನೂ ಮುಚ್ಚಳ ಹಾಕಿದ ಬಕೆಟ್ಟಿನಲ್ಲಿ ಮಧ್ಯಾಹ್ನದ ತನಕ ನೆನೆಹಾಕುವುದು, ಆಮೇಲೆ ಸೋಪಿನ ಪುಡಿ ಸುರಿದು, ಎರಡು ಸಲ ಎತ್ತಿ ಬಡಿದು, ಒಂದರ ಮೇಲೊಂದು ಹಾಕಿ ಒಣಗಿಸುವುದು. ಒಂದು ಸಂಜೆ ಅಂಗಡಿ ಮುಚ್ಚಿ ಬಂದ ಷಡಕ್ಷರಿ ಒಣಗಿದ ಬಟ್ಟೆಯೊಂದನ್ನು ಎತ್ತಿ ಮೂಸಿ ಮುಖ ಹಿಂಡಿದ.

"ಇದೇನು ಪ್ರೇಮಕ್ಕ, ಒಗೆದ ಬಟ್ಟೇನೂ ನಾರ್ತದಲ್ಲ?"

"ಕೂಸಿನ ಬಟ್ಟೇಲಿ ಕೂಸಿನ ವಾಸನೆ ಬರದೆ ಕೇದಗೆ ವಾಸನೆ ಬರ್ತದಾ ಸಾಹುಕಾರ್ರೆ?"

"ಬಟ್ಟೆ ವಿಷಯ ನಂಗೆ ಹೇಳಿಕೊಡ್ಬೇಡ. ನಾನು ಹುಟ್ಟಿದ್ದೇ ಬಟ್ಟೆ ಮೇಲೆ."

"ಎಲ್ರೂ ಬಟ್ಟೆ ಇಲ್ದೇನೇ ಹುಟ್ಟೋದು ಮಾರಾಯ್ರೆ. ನೀವೊಬ್ರು ದೊಡ್ಡೋರು. ಹಂಗಾರೆ ನೀವೇ ಒಗೀರಿ ನೋಡಾಣ."

"ಒಗೀತೀನಿ. ಅದ್ರಲ್ಲೇನು ಮಹಾ?"

ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು. ಒಳಗೆ ಮಲಗಿದ್ದ ಮೇಘನ ಕಿವಿಗೆ ಕಟ್ಟಿದ್ದ ಬಟ್ಟೆಯ ಒಳಗಿಂದಲೂ ಅದನ್ನು ಕೇಳಿಸಿಕೊಂಡಿದ್ದಳು. ಮಾರನೆಯ ದಿನ ಪ್ರೇಮಕ್ಕ ಕೂಸನ್ನು ಮೀಯಿಸಿ, ಬಕೆಟ್ಟನ್ನು ಕಾಲಿನಲ್ಲಿ ಅವನ ಕಡೆ ಮೆಲ್ಲಗೆ ತಳ್ಳಿ ಹೋದಳು. ವಾಷಿಂಗ್ ಮಶೀನಿಗೆ ಹಾಕೋಣವೆಂದರೆ ಸುಮಿತ್ರಮ್ಮ ಪಟ್ಟಿ ಕಟ್ಟಿದ ಕೈಯನ್ನೇ ಅಡ್ಡ ಹಿಡಿದಳು. ಅದರಲ್ಲಿ ತಾನು ಪೂಜೆಗೆ ಉಡುವ ಸೀರೆ ಒಗೆಯುತ್ತದೆ, ಅದು ಮಶೀನೋ ಪಾಯಿಖಾನೆಯೋ ಎಂದಳು. ಟೀವಿಯಲ್ಲಿ ತೋರಿಸುವ ಡೈಪರು ತರುತ್ತೇನೆಂದರೆ, ಪ್ಲಾಸ್ಟಿಕ್ ಕಟ್ಟಿ ಕೂಸನ್ನು ಬೇಯಿಸುತ್ತೀಯಾ ಎಂದಳು. ಅಮ್ಮನ ಶಾಸ್ತ್ರ, ಹೆಂಡತಿಯ ನಗು, ಪ್ರೇಮಕ್ಕನ ಬಕೆಟ್ಟು, ಈ ಮೂರರ ನಡುವೆ ಷಡಕ್ಷರಿ ಬಚ್ಚಲಿನ ಹಿಂದಿನ ಸಂದಿ ಸೇರಿದ.

ಎಂಥೆಂಥ ಪ್ರಯೋಗ ಮಾಡಿದ! ಮೊದಲು ಸೋಪಿನ ಪುಡಿ ಇಮ್ಮಡಿ ಹಾಕಿದ. ನೊರೆ ಸಂದಿಯಿಂದ ಹೊರಟು ಕರಿಬೇವಿನ ಗಿಡದ ಬುಡ ಮುಟ್ಟಿತು. ಬಟ್ಟೆ ಒಣಗಿದಾಗ ಚೆನ್ನಾಗಿಯೇ ಇತ್ತು. ಆದರೆ ಕೂಸು ಒಂದು ಹನಿ ಉಚ್ಚೆ ಹೊಯ್ದರೆ ಸಾಕು, ಹಿಂದಿನ ವಾರದ ಉಚ್ಚೆಯೆಲ್ಲ ಎದ್ದು ಬಂದು ಕಣ್ಣು ಉರಿಸುತ್ತಿತ್ತು. ಆಸ್ಪತ್ರೆ ವಾಸನೆಯ ಔಷಧಿ ಹಾಕಿದ. ಮನೆಗೆ ಬಂದವರು ಯಾರಿಗೆ ಹುಷಾರಿಲ್ಲ ಎಂದು ವಿಚಾರಿಸತೊಡಗಿದರು. ಕೊಪ್ಪಕ್ಕೆ ವ್ಯಾಪಾರದ ಮೇಲೆ ಹೋದಾಗ ಬಟ್ಟೆಗೆ ಪರಿಮಳ ಕೊಡುವ ನೀಲಿ ದ್ರಾವಣದ ಬಾಟಲಿ ತಂದ, ಅದೂ ಗುರುತಿನವರ ಅಂಗಡಿ ಬಿಟ್ಟು ಬಸ್‌ಸ್ಟ್ಯಾಂಡಿನ ಆಚೆ ಗುರುತಿಲ್ಲದವರ ಅಂಗಡಿಯಲ್ಲಿ. ಬಟ್ಟೆ ಮಲ್ಲಿಗೆಯ ಹಾಗೆ ಘಮ್ಮೆಂದಿತು, ಆದರೆ ನೀರು ಕುಡಿಯುವುದನ್ನೇ ಮರೆಯಿತು. ಉಚ್ಚೆ ಕೆಸುವಿನ ಎಲೆಯ ಮೇಲಿನ ನೀರಿನಂತೆ ಜಾರಿ ಹಾಸಿಗೆಗೆ ಹೋಯಿತು. ಮಲ್ಲಿಗೆಯೂ ಉಚ್ಚೆಯೂ ಕೂಡಿದ ಆ ವಾಸನೆ ಮದುವೆ ಛತ್ರದ ಹಿಂಬಾಗಿಲಿನದು. ಲೋಬಾನದ ಹೊಗೆ ಹಿಡಿದ. ಅದು ಇನ್ನೂ ಕೆಟ್ಟದ್ದು, ದೇವರ ಮನೆಯಲ್ಲೇ ಯಾರೋ ಮಾಡಬಾರದ್ದು ಮಾಡಿದ ಹಾಗೆ. ಕೂಸಿನ ತೊಡೆಯ ಸಂದಿಯಲ್ಲಿ ಕೆಂಪು ಎದ್ದಿತು. ರಾತ್ರಿ ಅದು ಅತ್ತಾಗಲೆಲ್ಲ ಮೇಘನ ಬಟ್ಟೆ ಬಿಚ್ಚಿ ಅವನ ಕೈಗೆ ಕೊಡುತ್ತಿದ್ದಳು, ಅಷ್ಟೇ.

ಹಗಲು ಅಂಗಡಿಯಲ್ಲಿ ಕೂತರೆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದು. ಥಾನು ಬಿಚ್ಚಿ ತೋರಿಸುವಾಗ ದೂರದಿಂದಲೇ ಬೆರಳ ತುದಿಯಲ್ಲಿ ಎಳೆಯುತ್ತಿದ್ದ. ಚಿಲ್ಲರೆಯನ್ನು ಕೈಗೆ ಕೊಡದೆ ಮೇಜಿನ ಮೇಲಿಡುತ್ತಿದ್ದ. ಈ ಷಡಕ್ಷರಿಗೆ ಮಗು ಹುಟ್ಟಿದ ಮೇಲೆ ಸೊಕ್ಕು ಬಂದಿದೆ, ಚಿಲ್ಲರೆ ಎಸೀತಾನೆ ಎಂದು ಪೇಟೆಯಲ್ಲಿ ಮಾತಾಯಿತು. ಹೈಸ್ಕೂಲಿನ ರಾಜಶೇಖರ ಮೇಷ್ಟ್ರು ಪಂಚೆ ಕೊಳ್ಳಲು ಬಂದವರು ಮಡಿಕೆ ಬಿಚ್ಚದೆ ಹಾಗೇ ಮುಖಕ್ಕೆ ಹಿಡಿದು, "ಎಂತ ವಾಸನೆ ಮಾರಾಯ ಇದು!" ಎಂದಾಗ ಷಡಕ್ಷರಿಯ ಜೀವ ಬಾಯಿಗೆ ಬಂತು. ಗೊತ್ತಾಯಿತು, ಸೀತಕ್ಕ ಹೇಳಿದ್ದಾಳೆ, ಇನ್ನು ವರ್ತಕರ ಸಂಘದಲ್ಲಿ ತಲೆ ಎತ್ತುವಂತಿಲ್ಲ ಎಂದುಕೊಳ್ಳುವಷ್ಟರಲ್ಲಿ ಮೇಷ್ಟ್ರು, "ಗಂಜಿ ವಾಸನೆ. ನಂಗೆ ಚಿಕ್ಕಂದಿನಿಂದ ಭಾಳ ಇಷ್ಟ" ಎಂದರು. ಯಾವ ಮಾತು ಅವನ ಎದೆಗೆ ಶೂಲದ ಹಾಗೆ ನಾಟಿತ್ತೋ ಅದೇ ಮಾತು ಕೇಳಿ ಅವನಿಗೆ ಮೇಷ್ಟ್ರ ಕಾಲು ಹಿಡಿಯಬೇಕೆನ್ನಿಸಿತು. ಪಂಚೆಯ ಬೆಲೆಯಲ್ಲಿ ಸ್ವಲ್ಪ ಬಿಟ್ಟೂ ಬಿಟ್ಟ.

ಆಮೇಲೆ ಒಂದು ದಿನ ಸೋಪಿನ ಪುಡಿ ಮುಗಿದಿತ್ತು. ಸೋಮಾರಿತನದಿಂದ ಬರೇ ಬಿಸಿನೀರಿಗೆ ಬಟ್ಟೆ ಹಾಕಿ ಕೋಲಿನಲ್ಲಿ ತಿರುವಿದ. ಸೋಪಿಲ್ಲದ ನೀರಿನಲ್ಲಿ ಬುಳುಬುಳು ನೊರೆ ಎದ್ದಿತು. ಅವನು ಕೋಲು ಹಿಡಿದುಕೊಂಡು ನೋಡುತ್ತಲೇ ನಿಂತ. ಇಷ್ಟು ದಿನ ಹಾಕಿದ ಸೋಪೆಲ್ಲ ಎಳೆಯೆಳೆಯಲ್ಲಿ ಕೂತಿತ್ತು, ಅದರ ಮರೆಯಲ್ಲಿ ನಾತ ಕೂತಿತ್ತು. ಹೊಸ ಪಂಚೆಯ ಗಂಜಿ ಬಿಡಬೇಕಾದರೆ ಚೆನ್ನಾಗಿ ಜಾಲಿಸಬೇಕು ಎಂದು ಗಿರಾಕಿಗಳಿಗೆ ದಿನಾ ಉಪದೇಶ ಮಾಡುವ ಬಾಯಿ, ಸೋಪು ಕೂಡ ಗಂಜಿಯ ಅಣ್ಣನೇ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಅವತ್ತಿನಿಂದ ಅವನ ಕೆಲಸಕ್ಕೆ ಒಂದು ಕ್ರಮ ಬಂತು. ಹೊಲಸನ್ನು ನಲ್ಲಿಯ ಕೆಳಗೆ ಆಗಿಂದಾಗಲೇ ತಣ್ಣೀರಿನಲ್ಲಿ ಬಿಡುವುದು, ಬಿಸಿನೀರು ಮೊದಲು ತಾಗಿದರೆ ಕಲೆ ಕಚ್ಚಿಕೊಳ್ಳುತ್ತದೆ. ಬಕೆಟ್ಟಿಗೆ ಮುಚ್ಚಳ ಹಾಕಬಾರದು. ಆಮೇಲೆ ಮರಳುವ ನೀರು, ಚಿಟಿಕೆ ಸೋಪು. ಆಮೇಲೆ ಜಾಲಿಸುವುದು, ನಲ್ಲಿಯಿಂದ ಬಂದ ನೀರೂ ಬಟ್ಟೆಯಿಂದ ಇಳಿದ ನೀರೂ ಒಂದೇ ಆಗುವ ತನಕ. ಹಿಂಡಿ, ಫಟ್ಟೆಂದು ಒದರಿ, ಮಡಿಕೆಯಿಲ್ಲದೆ ಬಿಸಿಲಿಗೆ ಹರಡುವುದು. ಕಾರ್ತಿಕದ ಬಿಸಿಲು ಮಂಜು ಸೀಳಿ ತಂತಿಯ ಮೇಲೆ ಬೀಳುತ್ತಿದ್ದ ಹಾಗೆ ಆ ತುಂಡುಗಳು ಗಾಳಿಗೆ ಆಡುವುದನ್ನು ನೋಡುತ್ತ ನಿಲ್ಲುವುದು ಅವನಿಗೆ ಅಂಗಡಿಗಿಂತ ಹೆಚ್ಚು ಹಿತವಾಯಿತು. ಮೂಸಿದರೆ ಏನೂ ಇಲ್ಲ. ಸೋಪಿಲ್ಲ, ಮಲ್ಲಿಗೆಯಿಲ್ಲ, ಹೊಗೆಯಿಲ್ಲ, ಕೂಸೂ ಇಲ್ಲ. ಕೂಸಿನ ತೊಡೆಯ ಕೆಂಪು ಇಳಿಯಿತು. ಜೀವನದಲ್ಲಿ ಮೊದಲ ಸಲ ಷಡಕ್ಷರಿ ಒಂದು ಕೆಲಸವನ್ನು ಪೂರ್ತಿ ಚೆನ್ನಾಗಿ ಮಾಡಿದ್ದ, ಅದನ್ನು ಯಾರಿಗೂ ಹೇಳುವಂತಿರಲಿಲ್ಲ.

"ದೊಡ್ಡಪ್ಪಂಗೆ ಹೇಳ್ಲಾ, ನಿಮ್ಮ ಅಳಿಯ ಬಟ್ಟೆ ಎಷ್ಟು ಚೆನ್ನಾಗಿ ಒಗೀತಾರೆ ಅಂತ?" ಎಂದು ಮೇಘನ ನಿನ್ನೆ ಕೇಳಿದ್ದಳು.

"ಹೇಳಿದ್ರೆ ನೋಡು ಮತ್ತೆ."

"ಯಾಕ್ರೀ? ಕದ್ದ ಮಾಲಾ?"

"ನಿಂಗೆ ಗೊತ್ತಾಗಲ್ಲ. ಗಂಡಸರಿಗೆ ಪೇಟೇಲಿ ಒಂದು ಮರ್ಯಾದೆ ಅಂತ ಇರ್ತದೆ."

"ಹೌದಾ? ಆ ಮರ್ಯಾದೇನೂ ಒಂದು ಸಲ ಬಿಸಿನೀರಿಗೆ ಹಾಕಿ ನೋಡಿ. ಎಷ್ಟು ನೊರೆ ಬರ್ತದೋ ಏನೋ" ಎಂದು ಅವಳು ಮಗ್ಗುಲಾದಳು.

ಆ ಮಾತು ಈಗ ಹಿಂಡುವ ಬಟ್ಟೆಯ ಜೊತೆ ತಿರುಚಿಕೊಂಡು ಬಂತು. ಕೊನೆಯ ತುಂಡನ್ನು ಒದರಿ ತಂತಿಗೆ ಹಾಕಿ, ಮೇಲೆ ನೋಡಿದ. ತಾರಸಿಯಲ್ಲಿ ಸೀತಕ್ಕ ಹಪ್ಪಳ ಇಲ್ಲದ ಚಾಪೆಯ ಮೇಲೆ ಕಾಗೆ ಓಡಿಸುತ್ತ ನಿಂತಿದ್ದಳು.

ಜಯದೇವಪ್ಪನ ಜೀಪು ಬಂದಾಗ ಬಿಸಿಲು ಏರಿತ್ತು. ಬಟ್ಟೆಗಳು ಒಣಗಿ ಹಗುರಾಗಿದ್ದವು. ತೆಗೆದಿಡಬೇಕೆಂದು ಷಡಕ್ಷರಿ ಅಂದುಕೊಂಡವನು ಪುರೋಹಿತರಿಗೆ ಎಲೆ ಅಡಿಕೆ ಹೊಂದಿಸುವುದರಲ್ಲಿ ಮರೆತ. ಮುದುಕ ಇಳಿದವನೇ ಕೋಲು ಊರಿ ಹೊಸಿಲಿಗೆ ಬಂದು ನಿಂತ. ಒಳಗಿನ ಮಾತೆಲ್ಲ ನಿಂತುಹೋಯಿತು. ಮೂಗು ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ಹೋಯಿತು.

"ಪಲ್ಯಕ್ಕೆ ಇಂಗು ಹೆಚ್ಚಾಗಿದೆ. ಪಾಯಸದ ಹಾಲು ತಳ ಹಿಡಿದಿದೆ, ಸ್ವಲ್ಪವೇ. ಅಡ್ಡಿಯಿಲ್ಲ" ಎಂದ. ಇನ್ನೊಂದು ಉಸಿರು ಎಳೆದು ಹುಬ್ಬು ಗಂಟಿಕ್ಕಿದ. "ಬಾಣಂತಿ ಇರೋ ಮನೆ ಅಲ್ವೇನೋ ಇದು? ಕೂಸಿರೋ ಮನೆ ಅಂತ ಅನ್ನಿಸೋದೇ ಇಲ್ಲವಲ್ಲ."

ಇದು ಹೊಗಳಿಕೆಯೋ ತೆಗಳಿಕೆಯೋ ತಿಳಿಯದೆ ಷಡಕ್ಷರಿ ಹಲ್ಲು ಬಿಟ್ಟ. "ಕಾಲು ತೊಳೀರಿ ಮಾವ" ಎಂದು ಬಚ್ಚಲಿನ ಪಕ್ಕದ ನಲ್ಲಿಯ ಹತ್ತಿರ ಕರೆದುಕೊಂಡು ಹೋದ. ಅವನ ತೋಳಿನ ಮೇಲೆ ಅಂಗಡಿಯ ಅತ್ಯುತ್ತಮ ಟವಲು ಇತ್ತು, ಬೆಳಿಗ್ಗೆ ತಾನೇ ಕವರು ಹರಿದು ತೆಗೆದದ್ದು. ಮುದುಕ ಕಾಲು ತೊಳೆದ, ಮುಖಕ್ಕೆ ನೀರು ಹಾಕಿಕೊಂಡ, ಕಣ್ಣು ಮುಚ್ಚಿಕೊಂಡೇ ಕೈ ಚಾಚಿದ. "ವಸ್ತ್ರ ಕೊಡು." ಷಡಕ್ಷರಿ ಟವಲನ್ನು ಇನ್ನೇನು ಆ ಕೈಗೆ ಇಡಬೇಕು, ಘಮ್ಮನೆ ಗಂಜಿ ವಾಸನೆ ಎದ್ದು ಅವನ ಮೂಗಿಗೇ ಹೊಡೆಯಿತು. ಹೊಸ ಬಟ್ಟೆ! ಅಡಿಯಿಂದ ಮುಡಿಯ ತನಕ ಗಂಜಿ! ಇಷ್ಟೂ ವರ್ಷ ಹೆದರಿದ ಮಾತನ್ನು ತಾನೇ ಇಸ್ತ್ರಿ ಮಾಡಿ ತೋಳಿನ ಮೇಲೆ ಹೊತ್ತು ತಂದಿದ್ದ. ಚಾಚಿದ ಕೈ ಗಾಳಿಯಲ್ಲಿ ಕಾಯುತ್ತಿತ್ತು, ಗಡ್ಡದಿಂದ ನೀರು ತೊಟ್ಟಿಕ್ಕುತ್ತಿತ್ತು. "ಎಲ್ಲೋ?" ಎಂದ ಮುದುಕ. ಷಡಕ್ಷರಿಯ ಕೈ, ಷಡಕ್ಷರಿಯನ್ನು ಕೇಳದೆ, ಹಿಂದಕ್ಕೆ ಹೋಗಿ ತಂತಿಯ ಮೇಲಿದ್ದ ಬೆಳ್ಳನೆಯ ತುಂಡೊಂದನ್ನು ಎಳೆದು ಆ ಅಂಗೈಯಲ್ಲಿಟ್ಟಿತು.

ಏನು ಮಾಡಿದೆ ಎಂದು ಅರಿವಾಗುವ ಹೊತ್ತಿಗೆ ಜಯದೇವಪ್ಪ ಆ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡಾಗಿತ್ತು. ಹಣೆ, ಕೆನ್ನೆ, ಗಡ್ಡ, ಮೂಗು. ಮೂಗಿನ ಹತ್ತಿರ ಬಟ್ಟೆ ನಿಂತಿತು. ಹಿಂಬಾಗಿಲಲ್ಲಿ ಪ್ರೇಮಕ್ಕ ಬಾಳೆಲೆಯ ಕಟ್ಟು ಹಿಡಿದುಕೊಂಡು ನಿಂತವಳು ಅಲ್ಲಾಡಲಿಲ್ಲ. ಅವಳ ಹಿಂದೆ ಸುಮಿತ್ರಮ್ಮ, ಸುಮಿತ್ರಮ್ಮನ ಹಿಂದೆ ಕೂಸನ್ನೆತ್ತಿಕೊಂಡ ಮೇಘನ. ತಾನು ಸತ್ತೆ ಎಂದುಕೊಂಡ ಷಡಕ್ಷರಿ. ಭೂಮಿ ಬಾಯಿ ಬಿಡಲಿ ಎಂದುಕೊಂಡ. ಬಾಯಿ ಬಿಟ್ಟದ್ದು ಮುದುಕ.

"ಆಹಾ!" ಎಂದ ಜಯದೇವಪ್ಪ. ಮತ್ತೊಮ್ಮೆ ಆಳವಾಗಿ ಎಳೆದುಕೊಂಡ. "ಏನೂ ವಾಸನೆಯೇ ಇಲ್ಲವಲ್ಲೋ! ಸೋಪಿಂದಿಲ್ಲ, ನೀಲೀದಿಲ್ಲ, ಪೆಟ್ಟಿಗೇದಿಲ್ಲ. ನಮ್ಮವ್ವ ತೀರಿಕೊಂಡ ಮೇಲೆ ಇಂಥಾ ಬಟ್ಟೆ ನಾನು ಮುಟ್ಟಿಲ್ಲ ನೋಡು. ಒಗೆತ ಅಂದ್ರೆ ಇದು." ಕಣ್ಣು ತೆರೆದು ಅಂಚನ್ನು ನೋಡಿದ. "ಇದು ನನ್ನ ಪಂಚೆ ಅಲ್ಲವೇನೋ? ಕೂಸಿಗೆ ಅಂತ ಕೊಟ್ಟಿದ್ದು?"

"ಹೌದು ಮಾವ. ಕೂಸಿಗೇ ಉಪಯೋಗ ಆಗ್ತಿದೆ" ಎಂದ ಷಡಕ್ಷರಿ. ಪ್ರೇಮಕ್ಕ ಬಾಳೆಲೆಯಲ್ಲಿ ಮುಖ ಮುಚ್ಚಿಕೊಂಡಳು.

"ನಮ್ಮ ಮನೆಯಲ್ಲಿ ಇಷ್ಟು ಜನ ಸೊಸೆಯಂದಿರು ಇದ್ದೂ ಒಬ್ಬಳ ಕೈಗೂ ಹೀಗೆ ಬರಲಿಲ್ಲ. ಯಾರೋ ಇದನ್ನ ಒಗೆದದ್ದು?"

ಎಷ್ಟು ವರ್ಷ ಕಾದಿದ್ದ ಮಾತು! ಕೈ ಮೂಸಿ ಮೂಸಿ ಕಾದಿದ್ದ ಮಾತು ತಾನಾಗಿ ನಡೆದುಬಂದು ಎದುರಿಗೆ ನಿಂತಿತ್ತು. ನಾನು ಎಂದರೆ ಮುಗಿಯಿತು. ಎರಡೇ ಅಕ್ಷರ. ಮೇಘನ ಅವನನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಇವತ್ತು ನಗು ಇರಲಿಲ್ಲ, ಹೇಳಿ, ಹೇಳಿಬಿಡಿ ಎನ್ನುವಂಥದ್ದು ಏನೋ ಇತ್ತು. ಷಡಕ್ಷರಿ ಬಾಯಿ ತೆರೆದ. ಜಗಲಿಯ ಕಡೆಯಿಂದ ರಾಜಶೇಖರ ಮೇಷ್ಟ್ರೂ ವರ್ತಕರ ಸಂಘದ ಇಬ್ಬರೂ ಏನು ನಡೆಯುತ್ತಿದೆ ಎಂದು ಇತ್ತ ಬರುತ್ತಿರುವುದು ಕಂಡಿತು. ಅವರ ಒಗ್ಗಟ್ಟಾದ ಮೂರು ಮುಖಗಳು ಕಂಡವು. ನಾಳೆ ಅಂಗಡಿಯ ಕಟ್ಟೆಯ ಮೇಲೆ ಕೂತು ಅವರು ನಗುವ ನಗು ಈಗಲೇ ಕೇಳಿಸಿತು.

"ಪ್ರೇಮಕ್ಕ" ಎಂದ.

ಪ್ರೇಮಕ್ಕ ಬಾಳೆಲೆ ಕೆಳಗಿಳಿಸಿದಳು. ಅವನನ್ನು ನೋಡಿದಳು, ಮುದುಕನನ್ನು ನೋಡಿದಳು. ಅವಳೇನು ಬಿಟ್ಟಾಳೆ? "ಏನೋ ನಮ್ಮ ಕೈಲಾದಷ್ಟು ಅಯ್ಯಾ" ಎಂದು ಸೆರಗು ಸರಿಮಾಡಿಕೊಂಡಳು. ಮೇಘನ ಕೂಸನ್ನೆತ್ತಿಕೊಂಡು ಒಳಗೆ ಹೋಗಿಬಿಟ್ಟಳು.

"ಭೇಷ್" ಎಂದ ಜಯದೇವಪ್ಪ. "ಷಡಕ್ಷರಿ, ನಿನ್ನ ಅಂಗಡೀಲಿ ಒಳ್ಳೆ ಸೀರೆ ಅಂತ ಏನಾದ್ರೂ ಇದ್ರೆ ಒಂದು ಈಯಮ್ಮಂಗೆ ಕೊಡು. ಕೈಯಲ್ಲಿ ಕೆಲಸ ಇರೋರನ್ನ ಗುರುತಿಸಬೇಕಪ್ಪಾ, ಬರೇ ಗಲ್ಲಾ ಮೇಲೆ ಕೂತ್ರೆ ಆಗಲ್ಲ." ಸಂಘದವರು ಹೌದು ಹೌದು ಎಂದು ತಲೆಯಾಡಿಸಿದರು. ಮುದುಕ ಆ ಬಟ್ಟೆಯನ್ನು ಮಡಿಸಿ, ಹೆಗಲ ಮೇಲೆ ಹಾಕಿಕೊಂಡು, ಶಾಲು ಹೊದಿಸಿಕೊಂಡ ಅಧ್ಯಕ್ಷರ ಗತ್ತಿನಲ್ಲಿ ಒಳಗೆ ನಡೆದ.

ಹೆಸರಿಡುವ ಶಾಸ್ತ್ರವೆಲ್ಲ ಷಡಕ್ಷರಿಗೆ ಆ ಹೆಗಲೊಂದರ ಸುತ್ತಲೇ ನಡೆದ ಹಾಗಿತ್ತು. ತೊಟ್ಟಿಲಿಗೆ ಹೂವು ಕಟ್ಟಿದರು, ಸೋದರತ್ತೆ ರಶ್ಮಿ ಕೂಸಿನ ಕಿವಿಯಲ್ಲಿ ಅನನ್ಯ ಎಂದಳು, ಹೆಂಗಸರು ಹಾಡು ಹೇಳಿದರು, ಆ ಬಟ್ಟೆ ಅಲ್ಲೇ ಇತ್ತು. ಪುರೋಹಿತರು ಕೊಟ್ಟ ತೀರ್ಥ ತೆಗೆದುಕೊಂಡು ಮುದುಕ ಅದರಲ್ಲೇ ಬಾಯಿ ಒರೆಸಿಕೊಂಡ. ಕೂಸನ್ನು ಅವನ ತೊಡೆಯ ಮೇಲೆ ಮಲಗಿಸಿದರು. ಅದು ಅವನ ಮುಖವನ್ನು ಒಂದು ಗಳಿಗೆ ದಿಟ್ಟಿಸಿ ನೋಡಿ, ಬೆಚ್ಚಗೆ ಉಚ್ಚೆ ಹೊಯ್ದಿತು. "ಬಂತು ಬಂತು, ಮೊಮ್ಮಗಳ ತೀರ್ಥ! ಹಿರೀರ ಮೇಲೆ ಹೊಯ್ದರೆ ಒಳ್ಳೇದು" ಎಂದು ಎಲ್ಲರೂ ನಕ್ಕರು. ಜಯದೇವಪ್ಪನೂ ನಗುತ್ತ ಹೆಗಲ ಮೇಲಿನ ಬಟ್ಟೆ ತೆಗೆದು ಕೂಸಿನ ಅಡಿಗೆ ಒತ್ತಿದ. ಬಟ್ಟೆ ತನ್ನ ಕೆಲಸ ಮರೆತಿರಲಿಲ್ಲ. ಒಂದು ಹನಿಯೂ ಬಿಡದೆ ಕುಡಿಯಿತು. "ನೋಡಿದ್ಯಾ, ಹೇಗೆ ಹೀರಿಕೊಳ್ತದೆ! ಪ್ರೇಮಕ್ಕ, ತಗೋ. ನೀನೇ ಒಗೀಬೇಕು ಮತ್ತೆ. ಬೇರೆಯೋರ ಕೈಗೆ ಕೊಡ್ಬೇಡ" ಎಂದು ಕರೆದು ಕೊಟ್ಟ. ಪ್ರೇಮಕ್ಕ ಎರಡೂ ಕೈಯಲ್ಲಿ ಪ್ರಸಾದದ ಹಾಗೆ ತೆಗೆದುಕೊಂಡಳು.

ಮೊದಲ ಪಂಕ್ತಿ ಎದ್ದ ಮೇಲೆ ಮೇಘನ ಷಡಕ್ಷರಿಯನ್ನು ಕೋಣೆಯ ಬಾಗಿಲಿಗೆ ಕರೆದಳು. ಬಕೆಟ್ಟು ಅವಳ ಕಾಲಿನ ಹತ್ತಿರ ಇತ್ತು, ಮೇಲುಗಡೆ ಹಸಿರಂಚಿನ ಆ ತುಂಡು.

"ಕೂಸಿಗೆ ಹೆಸರು ಬಂತು" ಎಂದಳು. ದನಿ ಏರಿಸಲಿಲ್ಲ. "ಪ್ರೇಮಕ್ಕಂಗೂ ಹೆಸರು ಬಂತು. ನಿಮಗೆ ಇದು."

ಅವಳ ಕಣ್ಣಲ್ಲಿ ನೀರಿತ್ತು. ಅವಮಾನವಾದದ್ದು ತನಗೆ, ಇವಳೇಕೆ ಅಳಬೇಕು ಎಂದು ಷಡಕ್ಷರಿಗೆ ಸಿಟ್ಟು ಬಂತು. ಬಕೆಟ್ಟು ಎತ್ತಿಕೊಂಡು ಹಿಂದೆ ಹೋದ. ಸೀರೆಯ ಸಿಟ್ಟು, ಸಂಘದವರ ತಲೆಯಾಟದ ಸಿಟ್ಟು, ತನ್ನ ನಾಲಗೆಯ ಮೇಲಿನ ಸಿಟ್ಟು ಎಲ್ಲ ಸೇರಿಸಿ ಬಟ್ಟೆಯನ್ನು ನಲ್ಲಿಯ ಕೆಳಗೆ ಹಿಡಿದು ತಿಕ್ಕಿದ. ಮುದುಕ ಹೊರಡುವ ಮುಂಚೆ ಹೋಗಿ ಹೇಳಿಬಿಡುತ್ತೇನೆ. ನಾನೇ ಒಗೆದದ್ದು ಎನ್ನುತ್ತೇನೆ. ಏನಾಗುತ್ತದೆ? ನಕ್ಕರೆ ನಗಲಿ. ಬಟ್ಟೆ ಹಿಂಡುತ್ತ ಹಿಂಡುತ್ತ ಅವನಿಗೆ ಧೈರ್ಯ ಬಂದೇ ಬಂತು. ನಾನು ಮಾವ, ನಾನೇ ಎಂದು ಎರಡು ಸಲ ಮೆಲ್ಲಗೆ ಬಾಯಲ್ಲಿ ಆಡಿಯೂ ನೋಡಿದ.

ಹಿಂಬಾಗಿಲು ಕಿರ್‍ರೆಂದಿತು. ಜಯದೇವಪ್ಪ ಕೋಲು ಊರುತ್ತ ಬಾಯಿ ಮುಕ್ಕಳಿಸಲು ನಲ್ಲಿಯ ಹತ್ತಿರ ಬಂದ. ಸಂದಿಯಲ್ಲಿ ಪಂಚೆ ಎತ್ತಿಕಟ್ಟಿ ಕುಕ್ಕರಗಾಲಲ್ಲಿ ಕೂತಿದ್ದ ಅಳಿಯನನ್ನು ಕಂಡು ನಿಂತ. ಸುತ್ತ ಯಾರೂ ಇರಲಿಲ್ಲ. ಸಂಘದವರಿಲ್ಲ, ಮೇಷ್ಟ್ರಿಲ್ಲ, ತಾರಸಿಯ ಮೇಲೆ ಸೀತಕ್ಕನೂ ಇರಲಿಲ್ಲ. ಅವಳು ಒಳಗೆ ಎರಡನೇ ಪಂಕ್ತಿಯಲ್ಲಿ ಊಟಕ್ಕೆ ಕೂತಿದ್ದಳು.

"ಏನೋ ಮಾಡ್ತಿದ್ದೀಯ ಇಲ್ಲಿ?"

ಷಡಕ್ಷರಿಯ ಕೈ ಬಟ್ಟೆಯನ್ನು ಬಕೆಟ್ಟಿನ ತಳಕ್ಕೆ ಒತ್ತಿ ಹಿಡಿಯಿತು.

"ಕೈ ತೊಳೀತಿದ್ದೆ ಮಾವ."

"ತೊಳಿ, ತೊಳಿ" ಎಂದ ಜಯದೇವಪ್ಪ. ಬಾಯಿ ಮುಕ್ಕಳಿಸಿ ಉಗಿದ. "ಎಷ್ಟು ತೊಳೆದ್ರೂ ಅಷ್ಟೇ. ಅಂಗಡಿಯೋರ ಕೈಯಿಂದ ಗಂಜಿ ವಾಸನೆ ಹೋಗಲ್ಲ." ತನ್ನ ಹಳೆಯ ಮಾತು ತನಗೇ ರುಚಿಸಿ ಒಂದೂ ಹಲ್ಲು ಹೋಗದ ಬಾಯಿ ತುಂಬ ನಕ್ಕ. ಆಮೇಲೆ ಒದ್ದೆ ಕೈ ಚಾಚಿದ. "ವಸ್ತ್ರ ಕೊಡು. ಆ ಹೆಂಗಸು ಒಗೆದದ್ದು ಇನ್ನೊಂದು ಇದ್ರೆ ಕೊಡು."

ಷಡಕ್ಷರಿ ಎದ್ದ. ಕೈಯನ್ನು ಪಂಚೆಗೆ ಒರೆಸಿಕೊಂಡು, ತಂತಿಯ ಮೇಲಿಂದ ಒಂದು ತುಂಡು ತೆಗೆದು ಕೊಟ್ಟ. ಮುದುಕ ಬಾಯಿ ಒರೆಸಿಕೊಂಡ, ಕಣ್ಣು ಮುಚ್ಚಿ ಮೂಸಿದ.

"ಆಹಾ" ಎಂದ.

"ಹೌದು ಮಾವ" ಎಂದ ಷಡಕ್ಷರಿ.

ಮುದುಕ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಒಳಗೆ ಹೋದ. ಷಡಕ್ಷರಿ ಮತ್ತೆ ಕೂತು ಬಲಗೈಯನ್ನು ಮೂಗಿನ ಹತ್ತಿರ ತಂದ. ಏನೂ ಇರಲಿಲ್ಲ. ಎಡಗೈ ತಂದ. ಗಂಜಿಯದಾದರೂ ಒಂದಿಷ್ಟು ವಾಸನೆ ಇರಬಾರದೇ ಎಂದು ಅವನು ಮತ್ತೆ ಮತ್ತೆ ಮೂಸಿದ.